ಮೂವತ್ತು ದಿನದ ಶಾಲೆ

ಮಕ್ಕಳೇ, ಮೊದಲು ಒಂದು ಆಟ. ಅಂಗಳದಲ್ಲಿ ಒಂದು ಗೂಟ ನೆಡಿ. ಅಜ್ಜಿಯ ಬಳಿ ಹಳೆಯ ಸಿಂಬೆ ಇದ್ದರೆ ಕೇಳಿ ತನ್ನಿ. ಇಲ್ಲದಿದ್ದರೆ ಹಳೆಬಟ್ಟೆ ಸುತ್ತಿ ಒಂದು ಮಾಡಿಕೊಡಲು ಹೇಳಿ. ಅದನ್ನು ಎಸೆದು ಗೂಟಕ್ಕೆ ಸಿಕ್ಕಿಸಬೇಕು, ಅಷ್ಟೇ. ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದು ನಿಮ್ಮಿಷ್ಟ. ಹತ್ತಿರ ನಿಂತರೆ ಅಂಕ ಕಡಿಮೆ, ದೂರ ಹೋದಷ್ಟೂ ಹೆಚ್ಚು. ಗುರಿ ತಪ್ಪಿದರೆ ಸೊನ್ನೆ.

ಆಡಿ ನೋಡಿದರೆ ಮೂರು ಬಗೆಯ ಜನ ಕಾಣುತ್ತಾರೆ. ಒಬ್ಬರು ಗೂಟದ ಪಕ್ಕದಲ್ಲೇ ನಿಂತು ಸಿಂಬೆಯನ್ನು ಮೆಲ್ಲಗೆ ಇಳಿಬಿಡುತ್ತಾರೆ. ಇನ್ನೊಬ್ಬರು ಬೇಲಿಯವರೆಗೆ ಹೋಗಿ, ಕಣ್ಣು ಮುಚ್ಚಿ ಎಸೆದು, ಬೀಳದಿದ್ದರೆ ‘ನನ್ನ ಅದೃಷ್ಟ ಸರಿಯಿಲ್ಲ’ ಎನ್ನುತ್ತಾರೆ. ಮೂರನೆಯವರು ಸ್ವಲ್ಪ ಕಷ್ಟ ಎನಿಸುವಷ್ಟು ದೂರದಲ್ಲಿ ನಿಂತು, ಒಮ್ಮೆ ಎಸೆದು, ತಪ್ಪಿದ್ದು ಎಲ್ಲಿ ಎಂದು ನೋಡಿ, ಮತ್ತೆ ಎಸೆಯುತ್ತಾರೆ. ಗುರಿ ಕೂಡಿಬಂದರೆ ಮುಂದಿನ ಸಲ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಇದೇ ಆಟವನ್ನು ದೊಡ್ಡವರೂ ಆಡುತ್ತಾರೆ, ಅದೂ ತರಗತಿಯಲ್ಲಿ! ಹೊಲಿಗೆ, ಮೋಟಾರ್ ರಿಪೇರಿ, ಹೈನುಗಾರಿಕೆ ಕಲಿಯಲು ಬಂದವರಿಗೆ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಇದು ಪಾಠದ ಒಂದು ಭಾಗ. ಸಿಂಬೆಯ ಬದಲು ಅಲ್ಲಿ ರಿಂಗ್ ಇರುತ್ತದೆ. ಇದರ ಹಿಂದಿರುವವರು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್. 1960ರ ದಶಕದಲ್ಲಿ ಅವರ ತಂಡ ಆಂಧ್ರದ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ, ಹತ್ತು ದಿನಗಳ ತರಬೇತಿ ಕೊಡಿಸಿ, ಅವರು ಮುಂದೇನು ಮಾಡಿದರು ಎಂದು ಗಮನಿಸಿತು. ತರಬೇತಿ ಪಡೆಯದವರಿಗಿಂತ ಪಡೆದವರು ಹೊಸ ವ್ಯವಹಾರಕ್ಕೆ ಕೈಹಾಕಿದ್ದು ಹೆಚ್ಚು. ಬರೀ ಹತ್ತು ದಿನಗಳಲ್ಲಿ!

ನಮ್ಮ ನಾಡಿನಲ್ಲಿ ಇಂಥ ತರಬೇತಿಗೆ ಹೆಸರಾದ ಊರು ಉಜಿರೆ. ಚಾರ್ಮಾಡಿ ಘಟ್ಟದ ಬುಡದಲ್ಲಿ, ಧರ್ಮಸ್ಥಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. 1982ರಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಅಲ್ಲಿ ಒಂದು ಸಂಸ್ಥೆ ತೆರೆದವು. ಗ್ರಾಮೀಣಾಭಿವೃದ್ಧಿ ಮತ್ತು ಸ್ವಉದ್ಯೋಗ ತರಬೇತಿ ಸಂಸ್ಥೆ ಎಂಬುದು ದೊಡ್ಡ ಹೆಸರು. ಜನರ ಬಾಯಲ್ಲಿ ಅದು ‘ರುಡ್‌ಸೆಟ್’. ಓದು ಮುಗಿಸಿ ಕೆಲಸವಿಲ್ಲದೆ ಕೂತ ಹಳ್ಳಿಯ ಯುವಕ ಯುವತಿಯರನ್ನು ಕರೆದು, ಊಟ ವಸತಿಯನ್ನೂ ಕೊಟ್ಟು, ಶುಲ್ಕವಿಲ್ಲದೆ ಕೆಲಸ ಕಲಿಸುವುದು ಅದರ ಉದ್ದೇಶ. ಜೇನು ಸಾಕಣೆ, ಹೈನುಗಾರಿಕೆಯಂಥವಕ್ಕೆ ಹತ್ತು ದಿನದ ಆಸುಪಾಸು. ಹೊಲಿಗೆ, ಮನೆಯ ವೈರಿಂಗ್, ಮೊಬೈಲ್ ರಿಪೇರಿಯಂಥವಕ್ಕೆ ಒಂದು ತಿಂಗಳ ಆಸುಪಾಸು.

‘ಹತ್ತು ದಿನಕ್ಕೆ ಏನು ಕಲಿತಾರು?’ ಎಂದು ಅಜ್ಜಂದಿರು ಕೇಳಬಹುದು. ಅಕ್ಕಸಾಲಿಗನ ಮಗ ವರ್ಷಗಟ್ಟಲೆ ಕುಲುಮೆ ಊದಿದ ಮೇಲೆ ಚಿನ್ನ ಮುಟ್ಟುತ್ತಿದ್ದ ಕಾಲ ಕಂಡವರು ಅವರು. ಕೇಳುವುದು ನ್ಯಾಯವೇ.

ಲೆಕ್ಕ ಹಾಕಿ ನೋಡೋಣ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ ಹೊಲಿಗೆ ತರಗತಿಗೆ ಹೋದರೆ ವರ್ಷಕ್ಕೆ ಸುಮಾರು ನೂರು ಗಂಟೆ. ದಿನಕ್ಕೆ ಏಳು ಗಂಟೆಯಂತೆ ಸತತವಾಗಿ ಕಲಿತರೆ ಹದಿನೈದು ದಿನಕ್ಕೇ ಅಷ್ಟಾಗುತ್ತದೆ. ಗಂಟೆಗಿಂತ ದೊಡ್ಡ ಲಾಭ ಇನ್ನೊಂದಿದೆ. ಇಂದು ಕಲಿತದ್ದು ಮರೆಯುವ ಮೊದಲೇ ನಾಳೆ ಬಂದಿರುತ್ತದೆ. ಈ ತರಬೇತಿಗಳಲ್ಲಿ ಬೆಳಗ್ಗೆ ಮೊದಲ ಕೆಲಸವೇ ನಿನ್ನೆ ಕಲಿತದ್ದರಲ್ಲಿ ಮುಖ್ಯವಾದುದು ಯಾವುದು ಎಂದು ಎಲ್ಲರ ಮುಂದೆ ನಿಂತು ಹೇಳುವುದು. ಮಾತಾಡಲು ಅಂಜುವವರಿಗೆ ಮೊದಲ ದಿನ ಗಂಟಲು ಒಣಗುತ್ತದೆ. ಆಮೇಲಾಮೇಲೆ ಮಾತು ತಾನಾಗಿ ಬರುತ್ತದೆ. ಗಿರಾಕಿಯ ಜೊತೆ ಮಾತಾಡಲು ಬಾರದವರು ಎಷ್ಟು ಚೆಂದ ಹೊಲಿದರೇನು?

ಹೊಲಿಗೆಯವರು ಮೊದಲು ದಾರವಿಲ್ಲದ ಸೂಜಿಯಲ್ಲಿ, ಕಾಗದದ ಮೇಲೆ ಗೆರೆ ಹಿಡಿದು ಮೆಷಿನ್ ಓಡಿಸುತ್ತಾರೆ. ಗೆರೆ ಎಲ್ಲಿ ಸೊಟ್ಟಗಾಯಿತೆಂದು ತೂತುಗಳೇ ಹೇಳುತ್ತವೆ. ಆಮೇಲೆ ಹಳೆಯ ಪೇಪರಿನಲ್ಲಿ ರವಿಕೆಯ ಕಟಿಂಗ್. ಪೇಪರ್ ಹಾಳಾದರೆ ನಷ್ಟವಿಲ್ಲ, ಗಿರಾಕಿಯ ರೇಷ್ಮೆ ಹಾಳಾದರೆ ಇದೆ. ಜೇನಿನವರು ಪೆಟ್ಟಿಗೆ ತೆರೆದು, ಸಾವಿರಾರು ನೊಣಗಳ ನಡುವೆ ಇರುವ ಒಂದೇ ರಾಣಿಯನ್ನು ಹುಡುಕುತ್ತಾರೆ. ಪೆಟ್ಟಿಗೆಯ ಸ್ಟ್ಯಾಂಡಿನ ಕಾಲನ್ನು ನೀರಿನ ಬಟ್ಟಲಲ್ಲಿ ಇಡುವುದೇಕೆಂದು ಮಕ್ಕಳೇ, ನೀವೇ ಊಹಿಸಿ. (ಇರುವೆ ಎಂಬುದು ಸುಳಿವು!)

ಕೈಕೆಲಸದ ಜೊತೆಗೆ ಲೆಕ್ಕವೂ ಇದೆ. ಒಂದು ರವಿಕೆಗೆ ಮಜೂರಿ ಎಷ್ಟು ಕೇಳಬೇಕು? ದಾರ, ಹುಕ್ಕು, ಲೈನಿಂಗ್ ಬಟ್ಟೆ, ಕರೆಂಟು ಎಲ್ಲ ಕೂಡಿಸಿ ಸುಮ್ಮನಾಗುವವರೇ ಹೆಚ್ಚು. ತಾವು ಕೂತ ಗಂಟೆಗಳಿಗೆ ಬೆಲೆ ಕಟ್ಟುವುದನ್ನೇ ಮರೆಯುತ್ತಾರೆ, ಅದರಲ್ಲೂ ಹೆಂಗಸರು. ಅದಕ್ಕೇ ಪೇಟೆಗೆ ಹೋಗಿ ಅಂಗಡಿ ಅಂಗಡಿ ವಿಚಾರಿಸಿಕೊಂಡು ಬರುವುದು, ಬ್ಯಾಂಕಿಗೆ ಕೊಡುವ ಯೋಜನಾ ವರದಿ ಬರೆಯುವುದು, ಇವೂ ಪಾಠವೇ.

ಆದರೂ ನನಗನಿಸುವುದು, ಎಲ್ಲವನ್ನೂ ಹೀಗೆ ಕಲಿಯಲು ಆಗುವುದಿಲ್ಲ. ತಪ್ಪು ಮಾಡಿದ್ದು ಅಂದೇ ಕಣ್ಣಿಗೆ ಕಾಣುವ, ಅಂದೇ ತಿದ್ದಿಕೊಳ್ಳಬಹುದಾದ ಕೆಲಸಗಳಿಗೆ ಈ ಕ್ರಮ ಒಗ್ಗುತ್ತದೆ. ಸಂಗೀತಕ್ಕೆ, ವೈದ್ಯಕ್ಕೆ ಒಗ್ಗದು. ತಿಂಗಳಲ್ಲಿ ಎಲ್ಲವನ್ನೂ ಕಲಿಸುತ್ತೇವೆಂದು ಬೋರ್ಡು ಹಾಕಿ, ಹಣ ಪಡೆದು, ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಉಜಿರೆಯ ಮಾದರಿ ಬೇರೆಯಾಗುವುದು ಇಲ್ಲಿಯೇ. ತರಬೇತಿ ಮುಗಿದ ಮೇಲೆ ಎರಡು ವರ್ಷದವರೆಗೆ ಅಭ್ಯರ್ಥಿಯ ಬೆನ್ನು ಬಿಡುವುದಿಲ್ಲ. ಅಂಗಡಿ ಇಟ್ಟೆಯಾ, ಸಾಲ ಸಿಕ್ಕಿತಾ, ಸಿಗದಿದ್ದರೆ ಏಕೆ, ಎಂದು ವಿಚಾರಿಸುತ್ತಿರುತ್ತಾರೆ. ಕಲಿಕೆ ಗಿಡ್ಡ, ಕೈಹಿಡಿಯುವುದು ಉದ್ದ.

ಇಷ್ಟಾದರೂ ಕಲಿತವರೆಲ್ಲ ಅಂಗಡಿ ತೆರೆಯುವುದಿಲ್ಲ. ಮೆಷಿನ್ನಿಗೆ ಹಣ ಹೊಂದದೆ ನಿಲ್ಲುವವರಿದ್ದಾರೆ. ಹೆಣ್ಣುಮಕ್ಕಳಿಗೆ ಅದಕ್ಕೂ ಮೊದಲೇ ಒಂದು ತೊಡಕು: ಒಂದು ತಿಂಗಳು ಮನೆ ಬಿಟ್ಟು ಇರುವುದು. ಎರಡು ವರ್ಷದ ಮಗುವಿರುವ ತಾಯಿ ಹೇಗೆ ಹೋದಾಳು? ಇಲ್ಲಿ ಬೇಕಾಗುವುದು ಬ್ಯಾಂಕೂ ಅಲ್ಲ, ಸರ್ಕಾರವೂ ಅಲ್ಲ, ಮನೆಯ ಹಿರಿಯರು. ‘ನೀನು ಹೋಗಿ ಕಲಿತು ಬಾ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಅತ್ತೆಯೋ ಅಮ್ಮನೋ ಒಂದು ಮಾತು ಹೇಳಿದರೆ ಅರ್ಧ ಕೆಲಸ ಆದಂತೆ. ಈ ತರಬೇತಿಗಳಲ್ಲಿ ಇನ್ನೊಂದು ಆಟವಿದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಎಡಗೈಯಲ್ಲಿ, ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಎಷ್ಟು ಪೇರಿಸುತ್ತೀರೆಂದು ಮೊದಲೇ ಹೇಳಬೇಕು. ಪಕ್ಕದಲ್ಲಿ ನಿಂತು ದಾರಿ ಹೇಳಲು ಸಹಾಯಕರಿರುತ್ತಾರೆ. ಅವರು ‘ಅಯ್ಯೋ, ಬೀಳುತ್ತೆ ಬೀಳುತ್ತೆ’ ಎಂದರೆ ಕೈ ನಡುಗುತ್ತದೆ. ‘ಸ್ವಲ್ಪ ಬಲಕ್ಕೆ, ಹಾಂ, ಅಲ್ಲೇ ಇಡು’ ಎಂದರೆ ಗೋಪುರ ಏಳುತ್ತದೆ. ಮನೆಯಲ್ಲಿ ಖಾಲಿ ಬೆಂಕಿಪೊಟ್ಟಣಗಳನ್ನು ಇಟ್ಟುಕೊಂಡು ಆಡಿ ನೋಡಿ. ಮೊಮ್ಮಗ ಪೇರಿಸಲಿ, ಅಜ್ಜ ಹೇಳಲಿ. ಮರುದಿನ ಅದಲುಬದಲು.

ಉಜಿರೆಯ ಈ ಮಾದರಿಯನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಮೆಚ್ಚಿಕೊಂಡು, ಜಿಲ್ಲೆಗೊಂದರಂತೆ ಇಂಥ ಸಂಸ್ಥೆಗಳನ್ನು ತೆರೆಯುವ ಯೋಜನೆ ಹಾಕಿತು. ಅವುಗಳನ್ನು ನಡೆಸುವುದು ಬ್ಯಾಂಕುಗಳು, ಕರೆಯುವುದು ‘ಆರ್‌ಸೆಟಿ’ ಎಂದು. ಸೇರಲು ಹದಿನೆಂಟು ತುಂಬಿರಬೇಕು. ಆದ್ದರಿಂದ ಮಕ್ಕಳೇ, ನಿಮಗೆ ಇನ್ನೂ ಸಮಯವಿದೆ. ಆದರೆ ಪಿಯುಸಿ ಮುಗಿಸಿ ಏನು ಮಾಡಲಿ ಎಂದು ಯೋಚಿಸುತ್ತಿರುವ ಅಣ್ಣ, ಮನೆಯಲ್ಲೇ ಏನಾದರೂ ಶುರುಮಾಡಬೇಕು ಎನ್ನುತ್ತಿರುವ ಚಿಕ್ಕಮ್ಮ ನಿಮ್ಮಲ್ಲಿದ್ದರೆ, ನಿಮ್ಮ ಜಿಲ್ಲೆಯ ಆರ್‌ಸೆಟಿ ಎಲ್ಲಿದೆ, ಮುಂದಿನ ತಂಡ ಯಾವಾಗ ಎಂದು ಹತ್ತಿರದ ಬ್ಯಾಂಕಿನಲ್ಲಿ ವಿಚಾರಿಸಲು ಅವರಿಗೆ ಹೇಳಿ. ಬ್ಯಾಂಕಿಗೆ ಹೋಗಲು ಅಂಜಿದರೆ ಜೊತೆಗೆ ಅಜ್ಜನನ್ನು ಕಳಿಸಿ.