ಸತು: ಬಿದರಿಯ ಕಪ್ಪಿನಿಂದ ವಂಶವಾಹಿಯ ಬೆರಳಿನವರೆಗೆ

ಬೀದರ ನಗರದ ಹೆಸರನ್ನು ಹೊತ್ತು ದೇಶವಿದೇಶಗಳ ವಸ್ತುಸಂಗ್ರಹಾಲಯಗಳನ್ನು ಸೇರಿರುವ ಬಿದರಿ ಪಾತ್ರೆಗಳ ಸೊಬಗನ್ನು ಕುರಿತು ಕಲಾವಿಮರ್ಶಕರು ಬರೆದುದು ಸಾಕಷ್ಟಿದೆ. ಆ ಪಾತ್ರೆಗಳ ಒಡಲಾದ ಲೋಹವನ್ನು ಕುರಿತು ಬರೆದವರು ವಿರಳ. ನೋಡುವವರ ಕಣ್ಣು ಬೆಳ್ಳಿಯ ಬಳ್ಳಿಯ ಮೇಲೆ, ಹೂವಿನ ಮೇಲೆ ನಿಲ್ಲುತ್ತದೆ. ಅದನ್ನು ಎತ್ತಿ ತೋರಿಸುವ ಕಪ್ಪು ಬರಿಯ ಹಿನ್ನೆಲೆಯಾಗಿ ಉಳಿದುಬಿಡುತ್ತದೆ. ಆ ಕಪ್ಪಿನ ಕೆಳಗಿರುವುದು ಸತು. ಕಳೆದ ಆರು ದಶಕಗಳಲ್ಲಿ ಈ ಸಾಧಾರಣ ಲೋಹವು ಲೋಹವಿಜ್ಞಾನ, ವೈದ್ಯವಿಜ್ಞಾನ, ಅನುವಂಶಿಕ ವಿಜ್ಞಾನಗಳೆಂಬ ಮೂರು ಶಾಸ್ತ್ರಗಳಲ್ಲಿಯೂ ಅನಿರೀಕ್ಷಿತವಾದ ಮಹತ್ವವನ್ನು ಪಡೆದಿದೆ. ಬೀದರ ಜಿಲ್ಲೆಯ ಮಟ್ಟಿಗಂತೂ ಈ ಸಂಶೋಧನೆಗಳು ದೂರದ ಸುದ್ದಿಗಳಲ್ಲ. ಕೋಟೆಯೊಳಗಿನ ಮಣ್ಣಿಗೂ, ಭಾಲ್ಕಿ ಔರಾದ ತಾಲ್ಲೂಕುಗಳ ಎರೆಹೊಲಗಳಿಗೂ, ಭೇದಿಯಿಂದ ಬಳಲುವ ಕೂಸಿಗೆ ಕೊಡುವ ಗುಳಿಗೆಗೂ ಇವು ನೇರವಾಗಿ ಸಂಬಂಧಿಸಿವೆ.

ಸತುವನ್ನು ಅದಿರಿನಿಂದ ಬೇರ್ಪಡಿಸುವುದು ಕಬ್ಬಿಣ ತಾಮ್ರಗಳನ್ನು ಬೇರ್ಪಡಿಸಿದಷ್ಟು ಸುಲಭವಲ್ಲ. ಅದು ಕರಗುವುದು ೪೧೯ ಡಿಗ್ರಿ ಸೆಂಟಿಗ್ರೇಡಿನಲ್ಲಿ; ಕುದಿದು ಆವಿಯಾಗುವುದು ೯೦೭ ಡಿಗ್ರಿಯಲ್ಲಿ. ಅದಿರು ಲೋಹವಾಗಿ ಮಾರ್ಪಡಲು ಬೇಕಾದ ಶಾಖವು ಇದಕ್ಕಿಂತಲೂ ಹೆಚ್ಚಿನದಾದ್ದರಿಂದ ಕುಲುಮೆಯಲ್ಲಿ ಹುಟ್ಟಿದೊಡನೆಯೇ ಸತು ಆವಿಯಾಗಿ ಹಾರಿ, ಗಾಳಿಯೊಡನೆ ಬೆರೆತು ಬಿಳಿಯ ಬೂದಿಯಾಗುತ್ತದೆ. ಆ ಆವಿಯನ್ನು ಗಾಳಿ ಸೋಕದಂತೆ ತಣಿಸಿ ಹಿಡಿಯುವ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ಕಂಡುಕೊಂಡವರು ರಾಜಸ್ಥಾನದ ಜಾವರ್ ಎಂಬಲ್ಲಿಯ ಲೋಹಕಾರರು. ಬದನೆಕಾಯಿಯ ಆಕಾರದ ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ನಿಲ್ಲಿಸಿ, ಆವಿಯನ್ನು ಕೆಳಮುಖವಾಗಿ ಇಳಿಸಿ ತಣಿಸುವ ಅವರ ಕುಲುಮೆಗಳು ೧೯೮೦ರ ದಶಕದ ಉತ್ಖನನಗಳಲ್ಲಿ ದೊರೆತವು. ‘ರಸರತ್ನಸಮುಚ್ಚಯ’ವೆಂಬ ಸಂಸ್ಕೃತ ರಸಶಾಸ್ತ್ರಗ್ರಂಥವು ಹೇಳುವ ‘ವೃಂತಾಕಮೂಷೆ’ಯೂ ಬದನೆಯ ಆಕಾರದ್ದೇ. ಗ್ರಂಥಸ್ಥವಾದ ಮಾತನ್ನು ಗುದ್ದಲಿ ಹೀಗೆ ಸಮರ್ಥಿಸುವುದು ಅಪರೂಪ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ವಿಲಿಯಂ ಚಾಂಪಿಯನ್ ಇಂತಹುದೇ ಕ್ರಮಕ್ಕೆ ಏಕಸ್ವಾಮ್ಯ ಪಡೆದುದು ೧೭೩೮ರಲ್ಲಿ. ಸಂಸ್ಕೃತದ ‘ಯಶದ’ವೂ ದಖ್ಖನಿ ಉರ್ದುವಿನ ‘ಜಸ್ತಾ’ವೂ ಈ ಲೋಹದ ಹೆಸರುಗಳೇ.

ಬಿದರಿ ಕಲೆಯನ್ನು ಇರಾನಿನಿಂದ ಬಂದ ಕುಶಲಕರ್ಮಿಗಳು ಬಹಮನಿ ಸುಲ್ತಾನರ ಕಾಲದಲ್ಲಿ ತಂದರೆಂಬುದು ಐತಿಹ್ಯ. ಲೋಹದಲ್ಲಿ ಬೆಳ್ಳಿಯನ್ನು ಕೂಡಿಸುವ ಕುಶಲತೆಯ ಮಟ್ಟಿಗೆ ಈ ಮಾತನ್ನು ಒಪ್ಪಬಹುದು. ಆದರೆ ಪಶ್ಚಿಮ ಏಷ್ಯಾದ ಕೂಡಿಸುಕೆಲಸವು ಹಿತ್ತಾಳೆ, ಕಂಚು, ಉಕ್ಕುಗಳ ಮೇಲೆ ನಡೆದದ್ದು. ಸತುವನ್ನೇ ಒಡಲಾಗಿ ಮಾಡಿಕೊಂಡುದು ಈ ನೆಲದ ಲೋಹವಿದ್ಯೆಯ ಫಲವೆಂದೇ ಹೇಳಬೇಕಾಗುತ್ತದೆ.

ಬಿದರಿಯ ಲೋಹದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಗಿಲಾಗಿ ಸತು, ಉಳಿದುದರಲ್ಲಿ ಹೆಚ್ಚಿನ ಪಾಲು ತಾಮ್ರ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವೆಂಬುದು ಕುಶಲಕರ್ಮಿಗಳಲ್ಲಿ ರೂಢವಾದ ಲೆಕ್ಕ. ಹಳೆಯ ಪಾತ್ರೆಗಳಲ್ಲಿ ಸೀಸವೂ ಕಂಡುಬರುತ್ತದೆ. ಹರಳೆಣ್ಣೆ, ರಾಳಗಳಿಂದ ಹದಮಾಡಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸಿದ ಮೇಲೆ ಪಾತ್ರೆ ಬೂದಿಯ ಬಣ್ಣದ್ದಾಗಿರುತ್ತದೆ. ಅದರ ಮೇಲೆ ಮೈಲುತುತ್ತದ ನೀರನ್ನು ಸವರಿದರೆ ತತ್ಕಾಲಕ್ಕೆ ಕಪ್ಪಾಗುತ್ತದೆ. ಇಲ್ಲಿ ನಡೆಯುವುದು ಶಾಲೆಯ ಪ್ರಯೋಗಶಾಲೆಯಲ್ಲಿ ತೋರಿಸುವ ಪಲ್ಲಟಕ್ರಿಯೆಯೇ: ಸತು ದ್ರಾವಣಕ್ಕಿಳಿಯುತ್ತದೆ, ದ್ರಾವಣದಲ್ಲಿದ್ದ ತಾಮ್ರ ನುಣ್ಣನೆಯ ಕರಿಪುಡಿಯಾಗಿ ಮೇಲೆ ಕೂಡುತ್ತದೆ. ಆ ಕಪ್ಪಿನ ಮೇಲೆ ಉಳಿಯಿಂದ ಗೀರಿದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಬಡಿದು ಕೂಡಿಸಿ, ತಾತ್ಕಾಲಿಕವಾದ ಕಪ್ಪನ್ನೆಲ್ಲ ಉಜ್ಜಿ ತೆಗೆದಾಗ ಬೆಳ್ಳಿ ಯಾವುದು, ಒಡಲು ಯಾವುದು ಎಂದು ತಿಳಿಯದಂತೆ ಎರಡೂ ಒಂದೇ ಹೊಳಪಿನಲ್ಲಿರುತ್ತವೆ. ಕೊನೆಯ ಕೆಲಸ ಮಣ್ಣಿನದು. ಕೋಟೆಯ ಹಳೆಯ ಕಟ್ಟಡಗಳೊಳಗಿನ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿಮಾಡಿ, ಪಾತ್ರೆಗೆ ಲೇಪಿಸುತ್ತಾರೆ. ಕೆಲವೇ ಕ್ಷಣಗಳಲ್ಲಿ ಒಡಲು ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಮಾಸುವುದಿಲ್ಲ.

ಈ ಕೊನೆಯ ಕ್ರಿಯೆಯನ್ನು ಕುರಿತು ಸುಸಾನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಎಂಬ ಬ್ರಿಟಿಷ್ ಸಂಶೋಧಕರು ೧೯೮೭ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ಈ ಕಪ್ಪು ಮೇಲೆ ಹಚ್ಚಿದ ಬಣ್ಣವಲ್ಲ. ಬಿಸಿಯಾದ ನವಸಾಗರದ ಲೇಪವು ಮೇಲ್ಮೈಯ ಸತುವನ್ನು ಕರಗಿಸಿ ಒಯ್ಯುತ್ತದೆ. ಹಿಂದುಳಿದ ತಾಮ್ರವು ದಟ್ಟವಾಗಿ ಅತಿ ಸೂಕ್ಷ್ಮಕಣಗಳ ತೆಳುಪೊರೆಯಾಗುತ್ತದೆ. ಬೆಳಕು ಆ ಪೊರೆಯಲ್ಲಿ ಸಿಕ್ಕಿ ಹಿಂದಿರುಗದಿರುವುದೇ ಕಪ್ಪು. ತಾಮ್ರವಿಲ್ಲದ ಶುದ್ಧ ಸತುವಿನ ಮೇಲೆ ಈ ಕಡುಗಪ್ಪು ಮೂಡದು. ಆದ್ದರಿಂದ ಹದಿನಾರಕ್ಕೆ ಒಂದೆಂಬ ಆ ಒಂದು ಪಾಲು ಅಲಂಕಾರಕ್ಕಾಗಿ ಬಂದುದಲ್ಲ. ಕಲೆಯ ಜೀವವೇ ಅದರಲ್ಲಿದೆ.

ಹಾಗಾದರೆ ಮಣ್ಣಿನ ಪಾತ್ರವೇನು? ಬಿಸಿಲು ಮಳೆ ಕಾಣದ ಮಣ್ಣೇ ಆಗಬೇಕೆಂಬುದು ಕುಶಲಕರ್ಮಿಗಳ ನಿಯಮ. ನಾಲಗೆಯ ಮೇಲಿಟ್ಟು ರುಚಿ ನೋಡಿ ಆರಿಸುವುದು ಅವರ ಪರೀಕ್ಷೆ. ಹೊರಗಿನವರು ಇದನ್ನು ಮೂಢನಂಬಿಕೆಯೆಂದು ನಕ್ಕುದುಂಟು. ನಗುವವರು ಸ್ವಲ್ಪ ತಾಳಬೇಕಾಗಿತ್ತು. ಇಂತಹ ಮಣ್ಣಿನಲ್ಲಿ ಪೆಟ್ಲುಪ್ಪಿನಂತಹ ನೈಟ್ರೇಟ್ ಲವಣಗಳಿದ್ದು, ಅವು ಲೋಹದ ಮೇಲ್ಮೈಯನ್ನು ಉತ್ಕರ್ಷಿಸಲು ನೆರವಾಗುತ್ತವೆ. ಈ ಲವಣಗಳು ಜನ ದನಗಳು ಬಹುಕಾಲ ಬಾಳಿದ ನೆಲೆಗಳಲ್ಲಿ, ಹಳೆಯ ಗೋಡೆಗಳ ಬುಡದಲ್ಲಿ ನಿಧಾನವಾಗಿ ಹುಟ್ಟುತ್ತವೆ; ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಒಂದು ಮಳೆಗಾಲಕ್ಕೇ ತೊಳೆದುಹೋಗುತ್ತವೆ. ಮಾಡಿನ ಕೆಳಗೆ ಶತಮಾನಗಳ ಕಾಲ ಒಣಗಿಯೇ ಉಳಿದ ಮಣ್ಣಿನಲ್ಲಿ ಮಾತ್ರ ಅವು ಉಳಿಯುವುದು ಸಹಜ. ನಾಲಗೆ ಗುರುತಿಸುವುದೂ ಆ ಲವಣವನ್ನೇ. ಕೋಟೆಯ ಮಣ್ಣಿಗೆ ಬದಲಾಗಿ ಲವಣಗಳನ್ನೇ ತೂಗಿ ಬೆರೆಸಿ ಕಪ್ಪು ತರುವುದು ಪ್ರಯೋಗಶಾಲೆಗೆ ಅಸಾಧ್ಯವಲ್ಲ. ಆದರೆ ಕೋಟೆಯೊಳಗಿನ ಅಂತಹ ಮಣ್ಣು ಅಗೆದಷ್ಟೂ ಮುಗಿಯುವ ವಸ್ತುವೆಂಬುದು ನಿಜವಾದ ಚಿಂತೆ. ೨೦೦೬ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕಲೆಗೆ, ೨೦೨೩ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರ ಮೂಲಕ ಪದ್ಮಶ್ರೀ ಗೌರವವೂ ಸಂದಿತು. ಗೌರವದ ಜೊತೆಗೆ ಮಣ್ಣಿನ ರಸಾಯನವನ್ನು ಅರಿತು ಅದನ್ನು ಮಿತವಾಗಿ ಬಳಸುವ ಕ್ರಮವೂ ಬೇಕು.

ಮಣ್ಣಿಗಿಂತ ಬೇಗ ಸವೆಯುವುದು ಕುಶಲಕರ್ಮಿಯ ಶರೀರ. ೧೦೮೫ ಡಿಗ್ರಿಯಲ್ಲಿ ಕರಗುವ ತಾಮ್ರವನ್ನು ಬೆರೆಸಲೆಂದು ಉರಿಯನ್ನು ಹೆಚ್ಚಿಸಿದಾಗ ಮೂಸೆಯಿಂದ ಬಿಳಿಯ ಹೊಗೆ ಏಳುತ್ತದೆ. ಅದು ಸತುವಿನ ಭಸ್ಮ. ಅದನ್ನು ಉಸಿರಾಡಿದವನಿಗೆ ಕೆಲವು ಗಂಟೆಗಳ ತರುವಾಯ ಚಳಿ, ಮೈನೋವು, ಬಾಯಲ್ಲಿ ಲೋಹದ ರುಚಿ, ಜ್ವರ ಬಂದು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಎರಕದವರಲ್ಲಿ ಎಲ್ಲ ದೇಶಗಳಲ್ಲಿಯೂ ಕಂಡುಬರುವ ಈ ಲೋಹಧೂಮಜ್ವರವನ್ನು ಮಲೇರಿಯವೆಂದು ತಪ್ಪು ತಿಳಿಯುವುದುಂಟು. ಲೋಹದಲ್ಲಿ ಸೀಸವಿದ್ದರೆ ಅಪಾಯ ಇನ್ನೊಂದು ಬಗೆಯದು. ಅದು ಇಳಿಯುವುದಿಲ್ಲ, ಮೈಯಲ್ಲಿ ಸಂಚಯವಾಗುತ್ತದೆ. ಮನೆಯ ಒಳಕೋಣೆಯಲ್ಲಿಯೇ ಎರಕ ಹೊಯ್ಯುವ ಕಡೆ ಒಂದು ಹೊಗೆಗೂಡು ಎಷ್ಟು ಬಾಳುತ್ತದೆಂಬುದನ್ನು ಬೆಲೆಕಟ್ಟಿ ಹೇಳಬೇಕಾಗಿಲ್ಲ. ಕೊಳ್ಳುವವರೂ ಒಂದು ಮಾತನ್ನು ನೆನಪಿಡಬೇಕು: ಹುಣಿಸೆ, ಮಜ್ಜಿಗೆ ಮುಂತಾದ ಹುಳಿ ಪದಾರ್ಥಗಳು ಸತುವನ್ನು ಕರಗಿಸುತ್ತವೆ. ಬಿದರಿ ಹೂದಾನಿಗೆ, ಪಾನದಾನಿಗೆ, ಹುಕ್ಕಾಕ್ಕೆ ಒಗ್ಗಿದ ಲೋಹವೇ ಹೊರತು ಅಡುಗೆಯದಲ್ಲ.

ಅತಿಯಾದರೆ ವಿಷವಾಗುವ ಈ ಸತುವೇ ಇಲ್ಲದಿದ್ದರೆ ಬಾಳಿಲ್ಲವೆಂಬುದು ಇಪ್ಪತ್ತನೆಯ ಶತಮಾನದ ತಿಳಿವು. ಬೀದರ ನಗರವು ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಭಾಲ್ಕಿ, ಔರಾದಗಳ ಕಡೆಗೆ ಇಳಿದಂತೆ ಎರೆಮಣ್ಣು ಹರಡಿಕೊಳ್ಳುತ್ತದೆ. ಸುಣ್ಣದ ಅಂಶವೂ ಕ್ಷಾರಗುಣವೂ ಉಳ್ಳ ಎರೆಯಲ್ಲಿ ಸತು ಇದ್ದರೂ ಬೇರಿಗೆ ಎಟುಕದ ರೂಪದಲ್ಲಿ ಬಿಗಿದುಕೊಂಡಿರುತ್ತದೆ. ಎಳೆಯ ಎಲೆಗಳ ನರಗಳ ನಡುವೆ ಬಿಳಿಚಿದ ಪಟ್ಟೆಗಳು, ಕುಗ್ಗಿದ ಗೆಣ್ಣುಗಳು ಇದರ ಕುರುಹು. ೧೯೬೦ರ ದಶಕದಲ್ಲಿ ಪಂತನಗರದಲ್ಲಿ ವೈ. ಎಲ್. ನೆನೆಯವರು ಭತ್ತದ ‘ಖೈರಾ’ ರೋಗವು ರೋಗಾಣುವಿನದಲ್ಲ, ಸತುವಿನ ಕೊರತೆಯದು ಎಂದು ತೋರಿಸಿಕೊಟ್ಟರು. ಬೀದರಿಗೆ ಸಮೀಪದ ಪಟಾಂಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೆರವಿನಿಂದ ಕರ್ನಾಟಕ ಸರಕಾರವು ೨೦೦೯ರಲ್ಲಿ ಆರಂಭಿಸಿದ ‘ಭೂಚೇತನ’ ಯೋಜನೆಯು ರೈತರ ಹೊಲಗಳ ಮಣ್ಣನ್ನು ಪರೀಕ್ಷಿಸಿ, ಗಂಧಕ, ಬೋರಾನುಗಳೊಡನೆ ಸತುವಿನ ಕೊರತೆಯೂ ವ್ಯಾಪಕವಾಗಿದೆಯೆಂಬುದನ್ನು ಬೆಳಕಿಗೆ ತಂದಿತು. ಇಂದು ಜಿಂಕ್ ಸಲ್ಫೇಟ್ ಎಂಬುದು ಹಳ್ಳಿಯ ಗೊಬ್ಬರದಂಗಡಿಯ ಮಾತಾಗಿದೆ. ಅದನ್ನು ಡಿಎಪಿಯೊಡನೆ ಬೆರೆಸಿ ಹಾಕಬಾರದೆಂಬುದು ಮಾತ್ರ ಎಷ್ಟೋ ಕಡೆ ತಿಳಿದಿಲ್ಲ. ರಂಜಕವು ಸತುವನ್ನು ಕಟ್ಟಿಹಾಕುವುದರಿಂದ ಎರಡರ ಬೆಲೆಯೂ ವ್ಯರ್ಥವಾಗುತ್ತದೆ.

ಮನುಷ್ಯನಲ್ಲಿಯೂ ಇಂತಹ ಕೊರತೆ ಉಂಟೆಂದು ಕಂಡವರು ಬಿಹಾರದ ಬಕ್ಸರಿನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್. ಇರಾನಿನ ಶಿರಾಜ್ ನಗರದಲ್ಲಿ ಅವರಿಗೆ ಎದುರಾದ ತರುಣರು ವಯಸ್ಸಿಗೆ ಬಂದಿದ್ದರೂ ಬಾಲಕರಂತೆ ಕುಬ್ಜರು, ರಕ್ತಹೀನರು. ಮಣ್ಣು ತಿನ್ನುವ ಚಟ ಬೇರೆ. ೧೯೬೧ರಲ್ಲಿ ಅದನ್ನು ವರದಿಮಾಡಿ, ಅನಂತರ ಈಜಿಪ್ಟಿನಲ್ಲಿ ಪರೀಕ್ಷೆಗಳನ್ನು ಮುಂದುವರಿಸಿ ಸತುವಿನ ಕೊರತೆಯೇ ಕಾರಣವೆಂದು ಸ್ಥಾಪಿಸಿದರು. ಅವರ ಆಹಾರ ಹುಳಿಬರಿಸದ ರೊಟ್ಟಿ. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಸತುವನ್ನು ಹಿಡಿದಿಟ್ಟು ಕರುಳು ಹೀರದಂತೆ ಮಾಡಿತ್ತು. ಜೋಳದ ರೊಟ್ಟಿ, ತೊಗರಿಬೇಳೆಗಳಲ್ಲಿಯೂ ಫೈಟೇಟ್ ಇದೆ. ಆದರೆ ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು ಅದನ್ನು ತಗ್ಗಿಸುತ್ತವೆ. ಹೆಸರು ಮಡಕಿಗಳನ್ನು ಮೊಳಕೆಗಟ್ಟಿಸುವ ಅಡುಗೆಮನೆಯ ವಾಡಿಕೆಗೆ ಶಾಸ್ತ್ರದ ಬೆಂಬಲ ಈಗ ದೊರೆತಿದೆ. ಇಕ್ರಿಸ್ಯಾಟ್ ಮತ್ತು ಪರಭಣಿಯ ಕೃಷಿ ವಿಶ್ವವಿದ್ಯಾಲಯಗಳು ೨೦೧೮ರಲ್ಲಿ ಹೊರತಂದ ‘ಪರಭಣಿ ಶಕ್ತಿ’ ಜೋಳವು ಕಬ್ಬಿಣ ಸತುಗಳನ್ನು ಕಾಳಿನಲ್ಲಿಯೇ ಹೆಚ್ಚಿಸಿಕೊಂಡ ತಳಿ.

ಭೇದಿಯಿಂದ ಬಳಲುವ ಮಕ್ಕಳಿಗೆ ಉಪ್ಪುಸಕ್ಕರೆಯ ನೀರಿನೊಡನೆ ಹತ್ತರಿಂದ ಹದಿನಾಲ್ಕು ದಿನ ಸತುವಿನ ಗುಳಿಗೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ೨೦೦೪ರಲ್ಲಿ ಸೂಚಿಸಿದವು. ಆರು ತಿಂಗಳು ದಾಟಿದ ಮಗುವಿಗೆ ಆಗ ಗೊತ್ತುಮಾಡಿದ ಪ್ರಮಾಣ ದಿನಕ್ಕೆ ೨೦ ಮಿಲಿಗ್ರಾಂ. ಅದರಿಂದ ಕೆಲವು ಮಕ್ಕಳಿಗೆ ವಾಂತಿಯಾಗುತ್ತಿತ್ತು. ವಾಂತಿ ಕಂಡ ತಾಯಿ ಔಷಧವನ್ನೇ ನಿಲ್ಲಿಸುವುದೂ ಇತ್ತು. ಭಾರತ ಮತ್ತು ತಾಂಜಾನಿಯಾಗಳ ೪೫೦೦ ಮಕ್ಕಳ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ೫ ಅಥವಾ ೧೦ ಮಿಲಿಗ್ರಾಂ ಕೊಟ್ಟರೂ ಗುಣದಲ್ಲಿ ಕಡಮೆಯಿಲ್ಲ, ವಾಂತಿ ಕಡಮೆ ಎಂದು ತೋರಿಸಿತು. ಕಡಮೆ ಕೊಟ್ಟರೂ ಸಾಲುತ್ತದೆಂದು ಸಿದ್ಧಪಡಿಸಲು ಇಷ್ಟು ಶ್ರಮಪಟ್ಟ ಸಂಶೋಧನೆ ಮೆಚ್ಚಬೇಕಾದುದು.

ಸತುವನ್ನು ಹೀರುವ ಶಕ್ತಿಯೇ ಹುಟ್ಟಿನಿಂದ ಇಲ್ಲದ ಕೂಸುಗಳೂ ಉಂಟು. ಎದೆಹಾಲು ಬಿಡಿಸಿದ ಮೇಲೆ ಬಾಯಿ, ಗುದ, ಕೈಕಾಲುಗಳ ಸುತ್ತ ಚರ್ಮ ಕೆಂಪೇರಿ ಸುಲಿಯುತ್ತದೆ; ಕೂದಲುದುರುತ್ತದೆ; ಭೇದಿ ನಿಲ್ಲದು. ಅತ್ಯಂತ ವಿರಳವಾದ ಈ ರೋಗಕ್ಕೆ ತುತ್ತಾದ ಮಕ್ಕಳು ಹಿಂದೆ ಹೆಚ್ಚಾಗಿ ಉಳಿಯುತ್ತಿರಲಿಲ್ಲ. ೧೯೭೦ರ ದಶಕದ ಆದಿಯಲ್ಲಿ ಲಂಡನ್ನಿನ ಮೊಯ್ನಹನ್ ಎಂಬ ವೈದ್ಯರು ಸತುವನ್ನು ಕೊಟ್ಟೊಡನೆ ಚರ್ಮ ಮಾಯುವುದನ್ನು ಕಂಡರು. ಕರುಳಿನಲ್ಲಿ ಸತುವಿಗೆ ಬಾಗಿಲಾದ ಪ್ರೋಟೀನಿನ ವಂಶವಾಹಿ ಕೆಟ್ಟಿರುವುದೇ ಮೂಲವೆಂದು ೨೦೦೨ರಲ್ಲಿ ಗೊತ್ತಾಯಿತು. ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ರೋಗ ತೋರುವುದರಿಂದ, ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯುಳ್ಳ ಸೀಮೆಗಳಲ್ಲಿ ಇದರ ಸಂಭವ ಹೆಚ್ಚು. ಇಂತಹ ಮಗುವಿಗೆ ಜೀವಮಾನವಿಡೀ ಸತು ಬೇಕು. ಆದರೆ ಅಷ್ಟೇ ಸಾಕು.

ವಂಶವಾಹಿಗಳನ್ನು ನಡೆಸುವ ಕಾರ್ಯದಲ್ಲಿಯೂ ಸತುವಿಗೆ ಸ್ಥಾನವಿದೆ. ೧೯೮೫ರಲ್ಲಿ ಕೇಂಬ್ರಿಜಿನ ಆರನ್ ಕ್ಲೂಗ್ ಮತ್ತು ಸಂಗಡಿಗರು ಆಫ್ರಿಕದ ಒಂದು ಕಪ್ಪೆಯ ಪ್ರೋಟೀನನ್ನು ಪರಿಶೀಲಿಸುತ್ತಿದ್ದಾಗ, ಸುಮಾರು ಮೂವತ್ತು ಅಮೈನೋ ಆಮ್ಲಗಳ ತುಂಡೊಂದು ಒಂದೇ ಒಂದು ಸತುವಿನ ಪರಮಾಣುವಿನ ಸುತ್ತ ಮಡಿಚಿಕೊಂಡು ಬೆರಳಿನಂತಾಗುತ್ತದೆಂದೂ, ಅಂತಹ ಬೆರಳುಗಳು ಸಾಲಾಗಿ ಡಿಎನ್‌ಎಯನ್ನು ತಡವಿ ಓದುತ್ತವೆಂದೂ ಊಹಿಸಿದರು. ಊಹೆ ನಿಜವಾಯಿತು. ಮನುಷ್ಯನಲ್ಲಿ ಇಂತಹ ಬೆರಳುಗಳುಳ್ಳ ಪ್ರೋಟೀನುಗಳ ವಂಶವಾಹಿಗಳೇ ನೂರಾರು. ಈ ಬೆರಳುಗಳಿಗೆ ಕತ್ತರಿಯಾಗುವ ಕಿಣ್ವವನ್ನು ಜೋಡಿಸಿ, ಡಿಎನ್‌ಎಯನ್ನು ಗೊತ್ತಾದ ಸ್ಥಳದಲ್ಲಿಯೇ ಕತ್ತರಿಸುವ ಉಪಕರಣವನ್ನು ಶ್ರೀನಿವಾಸನ್ ಚಂದ್ರಶೇಖರನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ೧೯೯೬ರಲ್ಲಿ ರಚಿಸಿದರು. ೨೦೧೨ರ ತರುವಾಯ ಕ್ರಿಸ್ಪರ್ ಎಂಬ ಸುಲಭವಾದ ಉಪಾಯ ಇದನ್ನು ಹಿಂದಿಕ್ಕಿತು. ದಾರಿ ತೋರಿದುದು ಮಾತ್ರ ಸತುವಿನ ಬೆರಳೇ.

ವಯಸ್ಕನ ಶರೀರದಲ್ಲಿರುವ ಸತುವನ್ನೆಲ್ಲ ಕೂಡಿಸಿದರೂ ಸುಮಾರು ೨ ಗ್ರಾಂ ಆದೀತು. ಶರೀರಕ್ಕೆ ಈ ಲೋಹ ಹೀಗೆ ಪರಿಚಿತವಾದುದರಿಂದಲೇ ಲೋಹವಿಜ್ಞಾನಿಗಳು ಅದನ್ನು ರಕ್ತನಾಳದೊಳಗೆ ಇಡುವ ಯೋಚನೆ ಮಾಡಿದರು. ಕಟ್ಟಿಕೊಂಡ ಹೃದಯನಾಳವನ್ನು ತೆರೆದಿಡುವ ಸ್ಟೆಂಟ್ ಎಂಬ ಜಾಲರಿಯ ಕೆಲಸ ಕೆಲವು ತಿಂಗಳುಗಳದು. ಬಳಿಕ ಅದು ಕರಗಿಹೋದರೆ ಒಳ್ಳೆಯದು. ಮೆಗ್ನೀಸಿಯಂ ಬಹು ಬೇಗ ಕರಗುತ್ತದೆ, ಕಬ್ಬಿಣ ಬಹು ನಿಧಾನ. ಬೋವೆನ್, ಡ್ರೆಲಿಕ್, ಗೋಲ್ಡ್‌ಮನ್ ಎಂಬ ಅಮೆರಿಕದ ಸಂಶೋಧಕರು ೨೦೧೩ರಲ್ಲಿ ಇಲಿಯ ಮಹಾಧಮನಿಯಲ್ಲಿ ಸತುವಿನ ತಂತಿಯನ್ನಿಟ್ಟು ನೋಡಿ, ಅದು ಕರಗುವ ವೇಗ ಹದವಾಗಿದೆಯೆಂದು ತೋರಿಸಿದರು. ಶುದ್ಧ ಸತುವಿನ ದೋಷ ಅದರ ದೌರ್ಬಲ್ಯ. ಅದನ್ನು ನೀಗಲು ಬೆರೆಸಿ ನೋಡುತ್ತಿರುವ ಲೋಹಗಳಲ್ಲಿ ತಾಮ್ರವೂ ಒಂದು. ನೂರಕ್ಕೆ ಒಂದರಿಂದ ನಾಲ್ಕರಷ್ಟು ತಾಮ್ರವುಳ್ಳ ಸತುವನ್ನು ಹಲವು ಪ್ರಯೋಗಶಾಲೆಗಳು ಪರೀಕ್ಷಿಸಿವೆ. ತಾಮ್ರ ಸೇರಿದಾಗ ಒಂದು ತಾಮ್ರಕ್ಕೆ ಐದು ಸತುವಿನ ಪರಮಾಣುಗಳು ಕೂಡಿದ ಗಡುಸಾದ ಕಣಗಳು ಮೃದುವಾದ ಸತುವಿನ ನಡುವೆ ಹರಡಿಕೊಂಡು ಬಲ ಕೊಡುತ್ತವೆ. ಬಿದರಿ ಪಾತ್ರೆಯ ತುಣುಕೊಂದನ್ನು ನಯಗೊಳಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದೂ ಇದೇ ಕಣಗಳು. ಬೀದರಿನ ಮೂಸೆಯಲ್ಲಿ ತಾಮ್ರ ಸೇರಿದುದು ಕಪ್ಪಿಗಾಗಿ, ಪ್ರಯೋಗಶಾಲೆಯಲ್ಲಿ ಬಲಕ್ಕಾಗಿ. ಸೀಸಕ್ಕೆ ಮಾತ್ರ ಅಲ್ಲಿ ಪ್ರವೇಶವಿಲ್ಲ.