ಗುಳಿಗೆಯ ನಂತರ ಮನೆಗೆ ಬಂದವರು

ಗೋವಾದ ಜುವಾರಿ ನದಿದಂಡೆಯ ಸಾಂಕೋಲೆಗೆ ಬರುವ ಪ್ರವಾಸಿಗರು ಆರೋಗ್ಯಮಾತೆಯ ಹಳೆಯ ಚರ್ಚಿನ ಉಳಿದ ಮುಂಗೋಡೆ ನೋಡಿ ಹೊರಟುಬಿಡುತ್ತಾರೆ. ಅದೇ ಪಂಚಾಯಿತಿಯ ಜುವಾರಿನಗರದಲ್ಲಿ ಕಿವಿಗೆ ಬೀಳುವುದು ಉತ್ತರ ಕರ್ನಾಟಕದ ಕನ್ನಡ. ಇಂಥ ವಲಸೆ ಮನೆಯಲ್ಲಿ ಯಾರಿಗಾದರೂ ಇಲ್ಲದ ದನಿ ಕೇಳತೊಡಗಿದರೆ ಮೊದಲು ಬರುವ ಮಾತು ‘ಗಾಳಿ ಸೋಕೈತಿ’. ಬಾಂಬೋಳಿಯ ಮನೋರೋಗ ಆಸ್ಪತ್ರೆಯ ದಾರಿ ಆಮೇಲಿನದು. ಗುಳಿಗೆ ದನಿಯನ್ನು ತಗ್ಗಿಸಬಲ್ಲದು. ಆದರೆ ಬೆಳಿಗ್ಗೆ ಎದ್ದು ಮೈ ತೊಳೆಯುವುದು, ಕೆಲಸಕ್ಕೆ ಹೋಗುವುದು, ನಾಲ್ಕು ಜನರ ನಡುವೆ ಕೂರುವುದು ಗುಳಿಗೆಯೊಂದರಿಂದ ಆಗುವ ಕೆಲಸವಲ್ಲ.

ಅದಕ್ಕಾಗಿ ಮನೆಗೇ ಹೋಗಬೇಕೆಂಬ ಯೋಚನೆ ಹಲವು ಊರುಗಳಲ್ಲಿ ಬೆಳೆಯಿತು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡಲು ತೊಡಗಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇತ್ತ ಮಧ್ಯಪ್ರದೇಶದ ಬಡವಾನಿಯಲ್ಲಿ, ಕುಷ್ಠರೋಗಿಗಳಿಗಾಗಿ ಹುಟ್ಟಿದ ಆಶಾಗ್ರಾಮ ಟ್ರಸ್ಟ್, ಇಲ್ಲದ ದನಿ ಕೇಳಿಸುವಂಥ ಸ್ಕಿಜೋಫ್ರೇನಿಯಾ ಕಾಯಿಲೆ ಇದ್ದವರ ಪುನರ್ವಸತಿಗೂ ಕೈಹಾಕಿತು. ಸಮಾಜ ದೂರವಿಟ್ಟವರ ಜೊತೆ ಮೊದಲೇ ಪಳಗಿದ್ದ ಸಂಸ್ಥೆ, ಆಶ್ಚರ್ಯವೇನಿಲ್ಲ. ಆ ಕೆಲಸದಲ್ಲಿದ್ದ ಮನೋವೈದ್ಯ ಸುದೀಪ್ತೋ ಚಟರ್ಜಿ ಮುಂದೆ ಗೋವಾದ ಸಂಗಾತ್ ಸಂಸ್ಥೆಯ ಜೊತೆ ನಿಂತರು.

2009ರಲ್ಲಿ ಗೋವಾ, ಸಾತಾರಾ ಮತ್ತು ಕಾಂಚೀಪುರಂಗಳಲ್ಲಿ ಇದೇ ಮನೆಭೇಟಿಯ ದೊಡ್ಡ ಪರೀಕ್ಷೆ ಆರಂಭವಾಯಿತು. ಸ್ಕಿಜೋಫ್ರೇನಿಯಾ ಇದ್ದ ಒಟ್ಟು 282 ಮಂದಿ. ಎಲ್ಲರಿಗೂ ವೈದ್ಯರ ಚಿಕಿತ್ಸೆ ಇತ್ತು. 187 ಜನರ ಮನೆಗೆ ಅದರ ಜೊತೆ ಕಾರ್ಯಕರ್ತರೂ ಹೋದರು. ಇವರು ವೈದ್ಯರಲ್ಲ, ಸ್ಥಳೀಯರು. ರೋಗವೆಂದರೇನೆಂದು ಮನೆಯವರಿಗೆ ತಿಳಿಸುವುದು, ಗುಳಿಗೆ ತಪ್ಪದಂತೆ ನೋಡುವುದು, ದಿನಚರಿ ಕಟ್ಟಿಕೊಡುವುದು, ಸಿಗಬೇಕಾದ ಸೌಲಭ್ಯ ಹುಡುಕಿಕೊಡುವುದು ಇವರ ಕೆಲಸ.

2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶ ಡಂಗುರ ಹೊಡೆಯುವಂಥದ್ದಾಗಿರಲಿಲ್ಲ. ಒಂದು ವರ್ಷದ ಕೊನೆಗೆ ಮನೆಭೇಟಿ ಸಿಕ್ಕವರಲ್ಲಿ ರೋಗಲಕ್ಷಣವೂ ನಿತ್ಯದ ಅಸಹಾಯಕತೆಯೂ ತುಸು ತಗ್ಗಿದ್ದವು. ಎದ್ದು ಕಂಡ ಲಾಭ ಮುಖ್ಯವಾಗಿ ಕಾಂಚೀಪುರಂನಲ್ಲಿ. ಯೋಜನೆ ಹುಟ್ಟಿಸಿದ ಗೋವಾದಲ್ಲೇ ಫಸಲು ತೆಳುವಾಯಿತೆಂದು ನಗಬಹುದು. ನನಗಂತೂ ಇದು ಸೋಲಾಗಿ ಕಾಣುವುದಿಲ್ಲ. ಸೇವೆ ವಿರಳವಾದಲ್ಲಿ ಬಾಗಿಲಿಗೆ ಬಂದ ಕೈಗೆ ಹೆಚ್ಚು ಬೆಲೆ ಇರುವುದು ಸಹಜ.

ಹಾಗೆ ನೋಡಿದರೆ ಜುವಾರಿನಗರದ ಲೆಕ್ಕವೂ ಬೇರೆಯೇ. ಅಲ್ಲಿನ ಹೊಸಿಲು ದಾಟುವ ಕಾರ್ಯಕರ್ತೆಗೆ ಕೊಂಕಣಿಯಷ್ಟೇ ಸಾಲದು, ಕನ್ನಡವೂ ಬೇಕು. ಜಾತ್ರೆಗೋ ಬಿತ್ತನೆಗೋ ಊರಿಗೆ ಹೋದವರ ಗುಳಿಗೆ ಅಲ್ಲಿಯೂ ನಿಲ್ಲಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಅದರ ಪ್ರಮಾಣಪತ್ರ ದೇಶವಿಡೀ ನಡೆಯುತ್ತದೆ. ಗಡಿ ದಾಟಿ ಬಂದ ಕುಟುಂಬಕ್ಕೆ ಅದನ್ನು ಮಾಡಿಸಿಕೊಡುವುದೂ ಆ ಕಾರ್ಯಕರ್ತೆಯ ಕೆಲಸದೊಳಗೇ ಬರಬೇಕು.