ಮಗುವನ್ನ ತೊಡೆ ಮೇಲೆ ಕೂರಿಸ್ಕೊಂಡು ಜಾರಬೇಡಿ

ವಾರಾಂತ್ಯ ಬಂತು ಅಂದ್ರೆ ನಮ್ಮಲ್ಲಿ ಎಷ್ಟೋ ಜನ ಮಕ್ಕಳನ್ನ ಪಾರ್ಕಿಗೆ ಕರ್ಕೊಂಡು ಹೋಗ್ತೀವಿ. ಜಾರುಬಂಡೆ ಎತ್ತರ ಇದೆ, ಮಗುಗಿನ್ನೂ 2 ವರ್ಷ. ಒಂದೇ ಬಿಟ್ರೆ ಬಿದ್ದೀತು ಅಂತ ತೊಡೆ ಮೇಲೆ ಕೂರಿಸ್ಕೊಂಡು ನಾವೂ ಜಾರ್ತೀವಿ. ಪುಟ್ಟ ಮಕ್ಕಳ ಕಾಲು ಮುರಿಯೋಕೆ ಈ ಕಾಳಜಿಯೇ ಕಾರಣ ಆಗೋದುಂಟು.

ಹೇಗೆ ಅಂತೀರಾ? ಮಗುವಿನ ರಬ್ಬರ್ ಸೋಲ್ ಶೂ ಜಾರುಬಂಡೆಯ ಅಂಚಿಗೋ ತಳಕ್ಕೋ ಕಚ್ಚಿಕೊಳ್ಳುತ್ತೆ. ಮಗು ಒಂದೇ ಇದ್ದರೆ ಸುಮಾರು 12 ಕೆಜಿ ತೂಕ. ಸಾಮಾನ್ಯವಾಗಿ ಅಲ್ಲೇ ನಿಂತುಬಿಡುತ್ತೆ. ಹಿಂದೆ 70 ಕೆಜಿಯ ಅಪ್ಪನೋ ಅಮ್ಮನೋ ಕೂತಿದ್ದರೆ ನಿಲ್ಲೋದು ಕಷ್ಟ. ಪಾದ ಅಲ್ಲೇ ಸಿಕ್ಕಿಕೊಂಡಿರುತ್ತೆ, ಇಬ್ಬರ ತೂಕವೂ ಮುಂದಕ್ಕೆ ನುಗ್ಗುತ್ತೆ. ಆಗ ಕಾಲು ತಿರುಚಿ, ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ, ಅಂದ್ರೆ ಟಿಬಿಯಾ, ಮುರಿಯುತ್ತೆ.

ಮಕ್ಕಳ ಮೂಳೆ ಒಣಗಿದ ಕಟ್ಟಿಗೆಯಂತಲ್ಲ, ಹಸಿ ಕಡ್ಡಿಯಂತೆ. ಎರಡು ತುಂಡಾಗದೆ ಬರೀ ಬಿರುಕು ಬಿಡಬಹುದು. ಊತ ಹೆಚ್ಚಿರದಿರಬಹುದು, ಮೊದಲ ಎಕ್ಸ್-ರೇಯಲ್ಲೂ ಕಾಣದಿರಬಹುದು. ಹಾಗಾಗಿ ಮಗು ಕಾಲೂರೋಕೆ ಒಪ್ಪದಿದ್ದರೆ ಡಾಕ್ಟರಿಗೆ ತೋರಿಸಿ. ಊರಿಂದ ಅಜ್ಜಿ ಫೋನಲ್ಲಿ "ಎಣ್ಣೆ ಹಚ್ಚಿ ನೀವು" ಅಂದ್ರೂ, ಆ ಕಾಲನ್ನ ನೀವಬೇಡಿ. ಇಂಥ ಬಿರುಕು ಕೆಲವೇ ವಾರಗಳಲ್ಲಿ ಚೆನ್ನಾಗಿ ಕೂಡಿಕೊಳ್ಳುತ್ತೆ.

ಹಾಗಾದ್ರೆ ಮಕ್ಕಳು ಜಾರಲೇಬಾರದಾ? ಧಾರಾಳವಾಗಿ ಜಾರಲಿ. ವಯಸ್ಸಿಗೆ ತಕ್ಕ ಚಿಕ್ಕ ಜಾರುಬಂಡೆ ಹುಡುಕಿ, ಮಗುವನ್ನ ಒಂದೇ ಬಿಡಿ, ನೀವು ಪಕ್ಕದಲ್ಲೇ ನಿಂತಿರಿ. ಒಂದೇ ಜಾರೋಕೆ ಮಗು ಹೆದರಿದ್ರೆ, ಇವತ್ತು ಉಯ್ಯಾಲೆ ಸಾಕು.